ಕೆರೆಯ ಆರು ದೋಷಗಳು: ಪೊರುಮಾಮಿಳ್ಳ ಶಾಸನದ ವಿವೇಚನೆ

ನಮ್ಮ ದೇಶದ ನೀರಾವರಿಯ ಇತಿಹಾಸಕ್ಕೆ ಶಾಸನಗಳು ಮುಖ್ಯವಾದ ಆಕರಗಳು. ಅವುಗಳಲ್ಲಿ ಬಹುಪಾಲು ಕೆರೆ ಕಟ್ಟಿಸಿದವರ ಪುಣ್ಯವನ್ನೂ ದತ್ತಿಯ ವಿವರವನ್ನೂ ಹೇಳಿ ವಿರಮಿಸುತ್ತವೆ. ಕಡಪ ಜಿಲ್ಲೆಯ ಪೊರುಮಾಮಿಳ್ಳದ ಸಂಸ್ಕೃತ ಶಾಸನವು ಇದಕ್ಕೆ ಅಪವಾದವಾಗಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನೂ ಉದಯಗಿರಿಯ ಅಧಿಪತಿಯೂ ಆಗಿದ್ದ ಭಾಸ್ಕರ ಭವದೂರನು ಅಲ್ಲಿ ಕೆರೆಯನ್ನು ಕಟ್ಟಿಸಿದುದನ್ನು ಕ್ರಿ. ಶ. 1369ರ ಈ ಶಾಸನವು ತಿಳಿಸುತ್ತದೆ. ದಿನಂಪ್ರತಿ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸವು ಮುಗಿಯಿತೆಂದು ಅದರಿಂದ ವಿದಿತವಾಗುತ್ತದೆ.

ಶಾಸನದ ವೈಶಿಷ್ಟ್ಯವಿರುವುದು ಅದರ ಶಾಸ್ತ್ರಭಾಗದಲ್ಲಿ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನು ಹೇಳಿ, ಬಳಿಕ ಆರು ದೋಷಗಳನ್ನು ಎಣಿಸಲಾಗಿದೆ: ಏರಿಯಿಂದ ನೀರು ಒಸರುವುದು, ಚೌಳು ನೆಲ, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಅಂಗಳದ ನಡುವೆ ದಿಣ್ಣೆಯಿರುವುದು, ನೀರು ಅಲ್ಪವಾಗಿ ಭೂಮಿ ವಿಸ್ತಾರವಾಗಿರುವುದು, ಭೂಮಿ ಅಲ್ಪವಾಗಿ ನೀರು ಅಧಿಕವಾಗಿರುವುದು. ಇವುಗಳಲ್ಲಿ ಮೂರು ನೆಲಕ್ಕೂ ಏರಿಗೂ ಸಂಬಂಧಿಸಿದವು. ಎರಡು ಪ್ರಮಾಣಕ್ಕೆ ಸಂಬಂಧಿಸಿದವು. ಒಂದು ಕೇವಲ ರಾಜಕೀಯವಾದುದು. ನೀರಿನ ಅಭಾವವು ಮಳೆಯೊಂದರಿಂದಲೇ ಉಂಟಾಗುವುದಿಲ್ಲ, ರಾಜ್ಯದ ಎಲ್ಲೆಯೂ ಸಾಗುವಳಿಯ ಮಿತಿಮೀರಿದ ವಿಸ್ತಾರವೂ ಅದನ್ನು ಉಂಟುಮಾಡುತ್ತವೆ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ.

ಕಾವೇರಿಯ ಇತಿಹಾಸವು ಈ ಮಾತಿಗೆ ಉತ್ತಮ ನಿದರ್ಶನ. ಮೈಸೂರು ಸೀಮೆಯ ಕೆರೆಗಳು ಸರಪಳಿಯಂತೆ ಹೆಣೆದುಕೊಂಡಿವೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಒದಗುತ್ತದೆ. ಹೊಸ ಕೆರೆಗೆ ತಾಣ ದೊರೆಯುವುದೇ ದುಸ್ತರವೆಂದು ಮುಖ್ಯ ಎಂಜಿನಿಯರ್ ಸ್ಯಾಂಕಿ 1860ರ ದಶಕದಲ್ಲಿಯೇ ಕಂಡಿದ್ದನು. ಇಂತಹ ಜಾಲದಲ್ಲಿ ಮೇಲೆ ತಡೆದ ನೀರು ಕೆಳಗೆ ಕೊರತೆಯಾಗಿ ಕಾಣುವುದು ಸಹಜ. ಮದರಾಸಿನ ಆತಂಕಕ್ಕೆ ಇದೇ ಕಾರಣ. 1892ರ ಒಪ್ಪಂದದ ಪ್ರಕಾರ ಗೊತ್ತುಪಡಿಸಿದ ನದಿಗಳಲ್ಲಿ ಹೊಸ ಜಲಾಶಯಗಳನ್ನು ಕಟ್ಟಲು ಮೈಸೂರು ಮದರಾಸಿನ ಸಮ್ಮತಿಯನ್ನು ಪಡೆಯಬೇಕಾಯಿತು. 1924ರ ಒಪ್ಪಂದವು ಕೃಷ್ಣರಾಜಸಾಗರ, ಮೆಟ್ಟೂರುಗಳಿಗೆ ಅವಕಾಶ ನೀಡಿತಲ್ಲದೆ, ಅವುಗಳಿಂದ ಹೊಸದಾಗಿ ನೀರುಣ್ಣುವ ಭೂಮಿಗೂ ಮಿತಿಯನ್ನು ವಿಧಿಸಿತು. ಶಾಸನದ ಮೂರನೆಯ ಮತ್ತು ಐದನೆಯ ದೋಷಗಳೆರಡೂ ಇಲ್ಲಿ ಒಟ್ಟಿಗೆ ಎದುರಾದುವೆನ್ನಬಹುದು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎಲ್ಲೆಯಲ್ಲಿ ಕೆರೆಯನ್ನು ಕಟ್ಟದೆ ಬಿಡಬಹುದು. ನದಿಯು ಎಲ್ಲೆಯನ್ನು ದಾಟದೆ ಇರಲಾರದು. ಆದುದರಿಂದ ಮೂರನೆಯ ದೋಷಕ್ಕೆ ಪರಿಹಾರವನ್ನು ನ್ಯಾಯಾಧಿಕರಣದಲ್ಲಿ ಅರಸಬೇಕಾಯಿತು. 1990ರಲ್ಲಿ ರಚಿತವಾದ ನ್ಯಾಯಾಧಿಕರಣವು 2007ರಲ್ಲಿ ಅಂತಿಮ ತೀರ್ಪನ್ನಿತ್ತಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮಾರ್ಪಡಿಸಿ, ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ ನೀರನ್ನು 192ರಿಂದ 177.25 ಸಾವಿರ ಮಿಲಿಯನ್ ಘನ ಅಡಿಗಳಿಗೆ ಇಳಿಸಿತು. ನದಿಯು ಯಾವುದೊಂದು ರಾಜ್ಯದ ಸ್ವತ್ತೂ ಅಲ್ಲವೆಂದು ಸಾರಿತು. ಐದನೆಯ ದೋಷವಾದರೋ ತೀರ್ಪಿನಿಂದ ಮಾತ್ರ ನೀಗುವಂತಹುದಲ್ಲ. ಮಳೆ ಕ್ಷೀಣಿಸಿದ ವರ್ಷ ಪಾಲಿನ ಅಂಕಿಗಳು ಹಾಗೆಯೇ ಉಳಿದರೂ ಜಲಾಶಯ ತುಂಬುವುದಿಲ್ಲ. ಇದ್ದ ನೀರಿಗೆ ತಕ್ಕಂತೆ ಬೆಳೆಯನ್ನೂ ಭೂಮಿಯನ್ನೂ ಅಳೆಯುವ ಹೊಣೆ ಎರಡು ದಡಗಳ ರೈತರಿಗೂ ನಗರಗಳಿಗೂ ಸಮಾನವಾಗಿ ಸೇರಿದೆ. 1369ರ ಶಾಸನಕಾರನು ಬೋಧಿಸಿದ ಪಾಠವೂ ಇದೇ ಆಗಿದೆ.