ಲಿಂಗಸುಗೂರಿನ ದಂಡು, ಫ್ರಾನ್ಸಿನ ರಣರಂಗ ಮತ್ತು ಸಿಪಾಯಿಯ ಕಾಗದ



ಲಿಂಗಸುಗೂರು ಎಂದರೆ ಇಂದು ನಮಗೆ ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ಹಟ್ಟಿ ಚಿನ್ನದ ಗಣಿಯ ದಾರಿ ನೆನಪಾಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ದಂಡಿನ ಊರು. ನಿಜಾಮರ ಖರ್ಚಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ನಡೆಯುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಒಂದು ಠಾಣೆ ಅಲ್ಲಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಹೊರಟ ಪಡೆಗಳಲ್ಲಿ ಒಂದು ಇಲ್ಲಿಂದಲೇ ಹೋಯಿತು. 1905ರವರೆಗೆ ಲಿಂಗಸುಗೂರು ಜಿಲ್ಲಾ ಕೇಂದ್ರವೂ ಆಗಿತ್ತು.

1903ರಲ್ಲಿ ಈ ಕಂಟಿಂಜೆಂಟನ್ನು ಬ್ರಿಟಿಷ್ ಭಾರತದ ಸೈನ್ಯದಲ್ಲಿ ವಿಲೀನಗೊಳಿಸಲಾಯಿತು. ಅದರ ಕುದುರೆ ಪಡೆಗಳೇ 20ನೆಯ ಡೆಕ್ಕನ್ ಹಾರ್ಸ್, 29ನೆಯ ಲ್ಯಾನ್ಸರ್ಸ್ ಮುಂತಾದ ಹೆಸರು ಪಡೆದವು. ಅವುಗಳಲ್ಲಿ ಸಿಖ್ಖರು ಮತ್ತು ಜಾಟರ ಜೊತೆಗೆ ದಖನಿ ಮುಸಲ್ಮಾನರೂ ಇದ್ದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ಎರಡೂ ಪಡೆಗಳು ಸಮುದ್ರ ದಾಟಿ ಫ್ರಾನ್ಸ್ ಸೇರಿದವು. 1916ರ ಜುಲೈ 14ರಂದು ಸೋಮ್ ಕದನದಲ್ಲಿ, ಹೈ ವುಡ್ ಎಂಬ ಕಾಡಿನ ಬಳಿ, ಡೆಕ್ಕನ್ ಹಾರ್ಸ್ ಸವಾರರು ಭರ್ಜಿ ಹಿಡಿದು ಮೆಷಿನ್ ಗನ್ನುಗಳ ಎದುರು ಕುದುರೆ ಓಡಿಸಿದರು.

ಆ ಯುದ್ಧಕಾಲದಲ್ಲಿ ಭಾರತದಿಂದ ಫ್ರಾನ್ಸಿಗೆ ಹೋದವರು ಸುಮಾರು 1,38,000 ಮಂದಿ. ಅವರು ಮನೆಗೆ ಕಾಗದ ಬರೆದರು. ಬರೆದರು ಎನ್ನುವುದಕ್ಕಿಂತ ಬರೆಸಿದರು ಎನ್ನಬೇಕು. ಸಿಪಾಯಿಗಳಲ್ಲಿ ಬಹುಪಾಲು ಜನರಿಗೆ ಅಕ್ಷರ ಬರುತ್ತಿರಲಿಲ್ಲ. ಪಡೆಯಲ್ಲಿ ಓದುಬರಹ ಬಲ್ಲ ಒಬ್ಬನ ಮುಂದೆ ಕುಳಿತು ಮನಸ್ಸಿನ ಮಾತನ್ನು ಹೇಳಬೇಕು, ಅವನು ಉರ್ದುವಿನಲ್ಲೋ ಹಿಂದಿಯಲ್ಲೋ ಗುರುಮುಖಿಯಲ್ಲೋ ಬರೆಯಬೇಕು. ಹಳ್ಳಿ ಮುಟ್ಟಿದ ಮೇಲೆ ಅಲ್ಲಿಯೂ ಓದು ಬಲ್ಲವರನ್ನು ಹುಡುಕಬೇಕು. ಹೆಂಡತಿಗೆಂದು ಹೇಳಿದ ಮಾತನ್ನು ಊರೇ ಕೇಳುತ್ತಿತ್ತು.

ಇವರಿಬ್ಬರ ನಡುವೆ ಮೂರನೆಯವನೂ ಇದ್ದ. ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಭಾರತೀಯರ ಟಪಾಲು ತಪಾಸಣೆಗೆಂದೇ ಒಂದು ಕಚೇರಿ ತೆರೆಯಲಾಯಿತು. ಅದರ ಮೊದಲ ಮುಖ್ಯಸ್ಥ ಹೊವೆಲ್ ಎಂಬ ಅಧಿಕಾರಿ. ಅಲ್ಲಿ ಕಾಗದಗಳನ್ನು ಒಡೆದು ಓದಿ, ಬೇಕೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ಮೇಲಧಿಕಾರಿಗಳಿಗೆ ವರದಿ ಕಳಿಸುತ್ತಿದ್ದರು. 1914ರ ಕೊನೆಗೆ ತುರ್ಕಿ ಎದುರು ಪಕ್ಷ ಸೇರಿದ ಮೇಲೆ ಮುಸ್ಲಿಂ ಸಿಪಾಯಿಗಳ ಮನಸ್ಸು ಏನು ಹೇಳುತ್ತಿದೆ ಎಂಬ ಕುತೂಹಲ ಸರ್ಕಾರಕ್ಕೆ ಇನ್ನೂ ಹೆಚ್ಚಾಯಿತು.

ಸಿಪಾಯಿಗಳಿಗೂ ಇದು ತಿಳಿದಿತ್ತು. ಆದ್ದರಿಂದ ಒಗಟಿನಲ್ಲಿ ಮಾತಾಡಲು ಕಲಿತರು. ಕರಿಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ. ಕರಿಮೆಣಸಿನ ದಾಸ್ತಾನು ಮುಗಿಯುತ್ತಾ ಬಂದಿದೆ ಎಂದರೆ ನಮ್ಮವರು ಬಹಳ ಸತ್ತಿದ್ದಾರೆ, ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂದು ಮನೆಯವರು ಅರ್ಥ ಮಾಡಿಕೊಳ್ಳಬೇಕು.

ಉಳಿದಂತೆ ಆ ಕಾಗದಗಳಲ್ಲಿ ಇರುವುದು ನಮ್ಮ ನಿಮ್ಮ ಮನೆಯ ಮಾತೇ. ಕಳಿಸಿದ ಹಣ ಮುಟ್ಟಿತೇ? ಬೆಳೆ ಹೇಗಿದೆ? ಮಗಳ ಮದುವೆಯ ಮಾತು ಎಲ್ಲಿಗೆ ಬಂತು? ಇಲ್ಲಿ ಕೆಸರು, ಚಳಿ. ರಂಜಾನ್ ಹೀಗೆ ಕಳೆಯಿತು. ಮಗನಂತೆ ನೋಡಿಕೊಂಡ ಫ್ರೆಂಚ್ ಮುದುಕಿಯ ಸುದ್ದಿಯೂ ಬರುತ್ತದೆ.

ಇನ್ನೊಂದು ವಿಷಯವಿದೆ, ವಿದ್ಯಾರ್ಥಿನಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಫ್ರಾನ್ಸಿನ ಹಳ್ಳಿಗಳಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದರು. ಹೆಂಗಸರು ಹೊಲ, ಅಂಗಡಿ, ಲೆಕ್ಕಪತ್ರ ಎಲ್ಲವನ್ನೂ ನಡೆಸುತ್ತಿದ್ದರು, ಪತ್ರಿಕೆ ಓದುತ್ತಿದ್ದರು. ಇದನ್ನು ಕಣ್ಣಾರೆ ಕಂಡ ಹಲವು ಸಿಪಾಯಿಗಳು ಮಕ್ಕಳನ್ನು, ಹೆಣ್ಣುಮಕ್ಕಳನ್ನೂ, ಶಾಲೆಗೆ ಕಳಿಸಿರಿ ಎಂದು ಮನೆಗೆ ಬರೆಸಿದರು. ಯಾವ ಭಾಷಣವನ್ನೂ ಕೇಳಿ ಹೇಳಿದ ಮಾತಲ್ಲ ಅದು. ತನ್ನ ಮಾತನ್ನು ತಾನೇ ಬರೆಯಲಾರದವನ ನೋವಿನಿಂದ ಬಂದದ್ದು.

ಈಗ ಈ ಕಾಗದಗಳು ಎಲ್ಲಿವೆ? ತಪಾಸಣೆಯ ನಂತರ ಮೂಲ ಪ್ರತಿಗಳಲ್ಲಿ ಬಹುತೇಕ ಮನೆಗಳಿಗೆ ಹೋದವು. ಗೆದ್ದಲು, ಮಳೆ, ಅಲಕ್ಷ್ಯಕ್ಕೆ ತುತ್ತಾದವೇ ಹೆಚ್ಚು. ಕಾವಲಿನವನು ಮಾಡಿಸಿದ ಇಂಗ್ಲಿಷ್ ತರ್ಜುಮೆ ಮಾತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿದೆ. ಇತಿಹಾಸಕಾರ ಡೇವಿಡ್ ಒಮಿಸ್ಸಿ ಅವುಗಳಿಂದ ಆಯ್ದು 1999ರಲ್ಲಿ ಪುಸ್ತಕ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ಪಂಜಾಬ್ ಮತ್ತು ಉತ್ತರ ಭಾರತದವರ ಕಾಗದಗಳು. ದಖನಿನ ದನಿ ಅಲ್ಲಿ ಕಡಿಮೆ. ಯಾರು ಕಾಪಾಡಿದರೋ ಅವರ ಭಾಷೆಯಲ್ಲಿ, ಅವರಿಗೆ ಬೇಕಾದಷ್ಟೇ ಇತಿಹಾಸ ಉಳಿಯಿತು.

ಸಿಪಾಯಿಗಳು ಫ್ರಾನ್ಸಿನಿಂದ ಕಾಗದ ಬರೆಸುತ್ತಿದ್ದ 1915ರಲ್ಲೇ ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಪತ್ತೆಯಾಯಿತು. ಬೀಡನ್ ಎಂಬ ಗಣಿ ಇಂಜಿನಿಯರ್ ಅದನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಅಲ್ಲಿ ಸಿಕ್ಕಿತು. ಚಕ್ರವರ್ತಿಯ ಮಾತು ಕಲ್ಲಿನ ಮೇಲೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಬಡ ಸಿಪಾಯಿಯ ಮಾತು ಕಾಗದದ ಮೇಲೆ ಒಂದು ತಲೆಮಾರೂ ಉಳಿಯಲಿಲ್ಲ.

ಆದ್ದರಿಂದ ಮಿತ್ರರೇ, ಸಿಂಧನೂರು, ಲಿಂಗಸುಗೂರು, ಮಸ್ಕಿ, ಯಾವ ಊರಿನವರೇ ಇರಿ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಅಜ್ಜಿಯ ಟ್ರಂಕು ತೆಗೆಸಿರಿ. ಹಳೆಯ ಖತ್, ಮನಿಯಾರ್ಡರ್ ಚೀಟಿ, ಪಿಂಚಣಿ ಕಾಗದ ಸಿಕ್ಕರೆ ಎಸೆಯಬೇಡಿ. ಉರ್ದು ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆದಿಡಿ, ಹೆಸರು ಮತ್ತು ವರ್ಷ ಗುರುತು ಹಾಕಿರಿ. ಅವರಿಗೆ ಬಾರದಿದ್ದ ಅಕ್ಷರ ನಮಗೆ ಬರುತ್ತದೆ. ಅವರ ಮಾತನ್ನು ಉಳಿಸುವ ಹೊಣೆಯೂ ನಮ್ಮದೇ.