ಕುರಿಯ ಕ್ರಯ, ಕಾವಲು ನಾಯಿಯ ಕ್ರಯ: ಇಟಲಿಯ ಕುರಿಗಾಹಿಗಳ ಎರಡು ಸಾವಿರ ವರ್ಷ

ಇಟಲಿಯ ಉದ್ದಕ್ಕೂ ಬೆನ್ನೆಲುಬಿನಂತೆ ಹಬ್ಬಿದ ಅಪೆನ್ನೈನ್ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಹುಲ್ಲು ಸಮೃದ್ಧ. ಚಳಿಗಾಲ ಬಂದರೆ ಎಲ್ಲವೂ ಹಿಮದಡಿ. ಆಗ್ನೇಯದ ಅಪುಲಿಯಾ ಬಯಲಿನಲ್ಲಿ ಇದು ತಿರುಗುಮುರುಗು. ಅಲ್ಲಿ ಚಳಿಗಾಲದಲ್ಲಿ ಮೇವು ಸಿಗುತ್ತದೆ, ಬೇಸಿಗೆಯಲ್ಲಿ ನೆಲ ಒಣಗುತ್ತದೆ. ಹೀಗಾಗಿ ವರ್ಷಕ್ಕೆರಡು ಸಲ ಕುರಿಮಂದೆಗಳನ್ನು ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ ಹೊಡೆದುಕೊಂಡು ಹೋಗುವ ವಲಸೆ ಪ್ರಾಚೀನ ಕಾಲದಿಂದಲೂ ನಡೆದುಬಂತು. ಈ ವಲಸೆಯ ಸುತ್ತ ಬೆಳೆದ ವ್ಯಾಪಾರದಲ್ಲಿ ಕೈಬದಲಾಗುತ್ತಿದ್ದ ಪ್ರಾಣಿಗಳು ಮುಖ್ಯವಾಗಿ ಎರಡು: ಕುರಿ, ಮತ್ತು ತೋಳದಿಂದ ಕುರಿಯನ್ನು ಉಳಿಸುವ ಕಾವಲು ನಾಯಿ. ಕುರಿಯ ಮಾರಾಟವನ್ನು ಕಾನೂನು ಪೂರ್ತಿಯಾಗಿ ಕಟ್ಟಿಹಾಕಬಲ್ಲದಾಗಿತ್ತು. ನಾಯಿಯ ವಿಷಯದಲ್ಲಿ ಹಾಗಾಗಲಿಲ್ಲ. ಹಣ ಎಣಿಸಿಕೊಟ್ಟ ಮಾತ್ರಕ್ಕೆ ಅದು ಕೊಂಡವನ ಮಂದೆಯ ನಾಯಿ ಆಗುತ್ತಿರಲಿಲ್ಲ.

ಈ ಎರಡೂ ವ್ಯವಹಾರಗಳ ವಿವರವಾದ ದಾಖಲೆ ಮಾರ್ಕುಸ್ ಟೆರೆಂಟಿಯುಸ್ ವಾರ್ರೊನ ಬರಹದಲ್ಲಿದೆ. ಕ್ರಿ.ಪೂ. 116ರಲ್ಲಿ ಹುಟ್ಟಿದ ಈ ರೋಮನ್ ವಿದ್ವಾಂಸ ಕ್ರಿ.ಪೂ. 37ರಲ್ಲಿ, 80 ವರ್ಷ ತುಂಬುವ ಹೊತ್ತಿಗೆ, ಬೇಸಾಯದ ಬಗ್ಗೆ ‘ಡೆ ರೆ ರುಸ್ತಿಕಾ’ ಎಂಬ ಮೂರು ಭಾಗಗಳ ಗ್ರಂಥ ಬರೆದ. ಎರಡನೆಯ ಭಾಗ ಪಶುಪಾಲನೆಗೆ ಮೀಸಲು. ವಾರ್ರೊ ಸ್ವತಃ ಮಂದೆಗಳ ಒಡೆಯ. ಅವನ ಕುರಿಗಳು ಚಳಿಗಾಲವನ್ನು ಅಪುಲಿಯಾದಲ್ಲಿ, ಬೇಸಿಗೆಯನ್ನು ರೆಯಾತೆಯ ಬೆಟ್ಟಗಳಲ್ಲಿ ಕಳೆಯುತ್ತಿದ್ದವು. ಸಾರ್ವಜನಿಕ ಹುಲ್ಲುಗಾವಲಿಗೆ ಮಂದೆ ಇಳಿಸುವ ಮೊದಲು ಸುಂಕದ ಗುತ್ತಿಗೆದಾರನ ಬಳಿ ಕುರಿಗಳನ್ನು ನೋಂದಾಯಿಸಬೇಕಿತ್ತು. ನೋಂದಾಯಿಸದೆ ಮೇಯಿಸುವುದು ಕಾನೂನಿನ ಉಲ್ಲಂಘನೆ.

ಕುರಿ ಕೊಳ್ಳುವವನು ಮೊದಲು ವಯಸ್ಸು ನೋಡಬೇಕು. ಮುದಿ ಕುರಿಯ ಫಲ ಮುಗಿದಿರುತ್ತದೆ, ಎಳೆ ಮರಿಯ ಫಲ ಇನ್ನೂ ಬಂದಿರುವುದಿಲ್ಲ. ಬಳಿಕ ಮೈಕಟ್ಟು. ದೊಡ್ಡ ದೇಹ, ಗಿಡ್ಡ ಕಾಲು, ಮೈತುಂಬ ಮೆತ್ತನೆಯ ದಟ್ಟ ಉಣ್ಣೆ ಇರಬೇಕು. ಕುತ್ತಿಗೆಯ ಸುತ್ತಲೂ ಹೊಟ್ಟೆಯ ಮೇಲೂ ಉಣ್ಣೆ ಕಡಿಮೆಯಾಗಿರಬಾರದು. ಹೊಟ್ಟೆ ಬೋಳಾದ ಕುರಿಯನ್ನು ಬಲ್ಲವರು ತಿರಸ್ಕರಿಸುತ್ತಿದ್ದರು. ಟಗರನ್ನು ಆರಿಸುವಾಗ ನಾಲಿಗೆಯನ್ನೂ ಪರೀಕ್ಷಿಸಬೇಕೆಂದು ವಾರ್ರೊ ಹೇಳುತ್ತಾನೆ: ಕಪ್ಪು ಅಥವಾ ಚುಕ್ಕೆಯ ನಾಲಿಗೆಯ ಟಗರಿಗೆ ಅದೇ ಬಣ್ಣದ ಮರಿಗಳು ಹುಟ್ಟುತ್ತವೆಂಬುದು ಅಂದಿನ ನಂಬಿಕೆ. ಬಿಳಿ ಉಣ್ಣೆಗೆ ಬಣ್ಣ ಹಾಕುವುದು ಸುಲಭ, ಅದಕ್ಕೇ ಬೆಲೆಯೂ ಹೆಚ್ಚು. ಈ ಎಚ್ಚರಿಕೆಯ ಹಿಂದೆ ಇದ್ದದ್ದು ಆ ಲೆಕ್ಕ. ತಾರೆಂಟಮ್ ಪ್ರದೇಶದ ನಯವಾದ ಉಣ್ಣೆಯ ಕುರಿಗಳಿಗೆ, ಉಣ್ಣೆ ಕೊಳೆಯಾಗದಿರಲೆಂದು, ಚರ್ಮದ ಹೊದಿಕೆ ಕಟ್ಟಿ ಸಾಕುತ್ತಿದ್ದರು.

ಬೆಲೆ ಒಪ್ಪಿಗೆಯಾದ ಮೇಲೆ ಕಾನೂನಿನ ಮಾತು ಆರಂಭವಾಗುತ್ತಿತ್ತು. ಇಷ್ಟು ಹಣಕ್ಕೆ ಕುರಿಗಳು ತನ್ನವಾದುವೇ ಎಂದು ಕೊಳ್ಳುವವನು ಕೇಳಬೇಕು, ಮಾರುವವನು ಹೌದೆನ್ನಬೇಕು. ಅನಂತರ ಹಳೆಯ ಕಾಲದಿಂದ ಬಂದ ನಿಗದಿತ ಮಾತುಗಳಲ್ಲಿ ಕೊಳ್ಳುವವನು ಭರವಸೆ ಪಡೆಯುತ್ತಿದ್ದ: ಕುರಿಗಳು ಆರೋಗ್ಯವಾಗಿವೆ, ರೋಗ ತಗುಲಿದ ಮಂದೆಯವಲ್ಲ, ಅವುಗಳ ಮೇಲೆ ಬೇರೆಯವರ ಹಕ್ಕಿಲ್ಲ. ಒಕ್ಕಣ್ಣಿನ, ಕಿವುಡಾದ, ಹೊಟ್ಟೆ ಬೋಳಾದ ಕುರಿಗಳು ಈ ಭರವಸೆಯ ಹೊರಗಿದ್ದವು. ಇಂಥ ಕೊರತೆಗಳನ್ನು ಕೊಳ್ಳುವವನೇ ಕಣ್ಣಿಟ್ಟು ನೋಡಿ ಕಂಡುಕೊಳ್ಳಬೇಕಿತ್ತು. ಹಣ ಎಣಿಕೆಯಾಗುವವರೆಗೆ ಮಂದೆಯ ಒಡೆತನ ಬದಲಾಗುತ್ತಿರಲಿಲ್ಲ. ಆದರೂ ಮಾತು ಮುಗಿದ ಮೇಲೆ ಮಾರುವವನು ಕುರಿ ಒಪ್ಪಿಸದಿದ್ದರೆ ಕೊಂಡವನು, ಕೊಂಡವನು ಹಣ ಕೊಡದಿದ್ದರೆ ಮಾರಿದವನು ದಾವೆ ಹೂಡಬಹುದಾಗಿತ್ತು.

ನಾಯಿಯ ಅಧ್ಯಾಯದಲ್ಲಿಯೂ ವಾರ್ರೊ ಇದೇ ಕ್ರಮ ಹಿಡಿಯುತ್ತಾನೆ: ವಯಸ್ಸು, ಮೈಕಟ್ಟು, ತಳಿ, ಕ್ರಯದ ನಿಯಮ. ತೀರ ಎಳೆಯದಾಗಲಿ ಮುದಿಯಾಗಲಿ ಪ್ರಯೋಜನವಿಲ್ಲ, ಅವು ತಾವೇ ಕಾಡುಪ್ರಾಣಿಗಳಿಗೆ ತುತ್ತಾಗುತ್ತವೆ. ದೊಡ್ಡ ತಲೆ, ಜೋಲುವ ಕಿವಿ, ದಪ್ಪ ಕತ್ತು, ಅಗಲವಾದ ಪಂಜ, ಗಡುಸು ಬೊಗಳು ಒಳ್ಳೆಯ ಲಕ್ಷಣಗಳು. ಬಣ್ಣ ಬಿಳಿಯಾಗಿದ್ದರೆ ಕತ್ತಲಲ್ಲಿ ಗುರುತಿಸುವುದು ಸುಲಭ. ಮುಂದಿನ ಶತಮಾನದಲ್ಲಿ ಕೊಲುಮೆಲ್ಲ ಎಂಬ ಲೇಖಕ ಇದಕ್ಕೆ ಕಾರಣವನ್ನು ಇನ್ನಷ್ಟು ಬಿಡಿಸಿ ಹೇಳಿದ: ನಸುಕಿನಲ್ಲಿ ತೋಳವೆಂದು ತಿಳಿದು ಕುರಿಗಾಹಿ ತನ್ನ ನಾಯಿಯನ್ನೇ ಹೊಡೆಯಬಾರದು. ಮನೆ ಕಾಯುವ ನಾಯಿ ಮಾತ್ರ ಕಪ್ಪಾಗಿರಲಿ, ಕಳ್ಳನಿಗೆ ಹೆಚ್ಚು ಭಯ ಹುಟ್ಟುತ್ತದೆ ಎಂಬುದು ಅವನ ಸಲಹೆ.

ನಾಯಿಯನ್ನು ಯಾರಿಂದ ಕೊಳ್ಳಬೇಕೆಂಬ ಪ್ರಶ್ನೆಗೆ ವಾರ್ರೊ ಎಲ್ಲಕ್ಕಿಂತ ಹೆಚ್ಚಿನ ಮಹತ್ವ ಕೊಡುತ್ತಾನೆ. ಬೇಟೆಗಾರನ ನಾಯಿ ಮೊಲ, ಜಿಂಕೆ ಕಂಡೊಡನೆ ಮಂದೆ ಬಿಟ್ಟು ಅದರ ಹಿಂದೆ ಓಡುತ್ತದೆ. ಕಟುಕನ ನಾಯಿ ಮಂದೆಯ ಜೊತೆ ನಡೆಯಲು ಸೋಮಾರಿ. ಆದ್ದರಿಂದ ಕುರಿಗಾಹಿಯಿಂದಲೇ, ಕುರಿಗಳ ಜೊತೆ ಬೆಳೆದ ನಾಯಿಯನ್ನೇ ಕೊಳ್ಳಬೇಕು. ಹಾಗೆ ಕೊಂಡರೂ ತೊಡಕು ತಪ್ಪುವುದಿಲ್ಲ, ನಾಯಿಗೆ ಕುರಿಗಿಂತ ಕುರಿಗಾಹಿಯ ಮೇಲೆ ಪ್ರೀತಿ ಹೆಚ್ಚು. ಇದಕ್ಕೆ ಅವನು ಕೊಡುವ ಸಾಕ್ಷ್ಯ ಅಮಿತೆರ್ನುಮ್ ಊರಿನ ಪುಬ್ಲಿಯುಸ್ ಔಫಿದಿಯುಸ್ ಪೊಂತಿಯಾನುಸನ ವ್ಯವಹಾರ. ಪೊಂತಿಯಾನುಸ್ ಉಂಬ್ರಿಯಾದ ದೂರದ ಮೂಲೆಯಲ್ಲಿ ಕುರಿಮಂದೆಗಳನ್ನು ಕೊಂಡ. ಕ್ರಯದಲ್ಲಿ ನಾಯಿಗಳು ಸೇರಿದ್ದವು, ಕುರಿಗಾಹಿಗಳು ಸೇರಿರಲಿಲ್ಲ. ದಕ್ಷಿಣದ ಮೆತಪೊಂತುಮ್ ಹುಲ್ಲುಗಾವಲಿಗೂ ಹೆರಾಕ್ಲೆಯಾ ಸಂತೆಗೂ ಮಂದೆ ತಲುಪಿಸಿ ಅವರು ಮರಳಬೇಕೆಂಬುದು ಕರಾರು. ಅವರು ಹಾಗೆಯೇ ಮಾಡಿದರು. ಕೆಲವೇ ದಿನಗಳಲ್ಲಿ ನಾಯಿಗಳೂ ಮಂದೆ ಬಿಟ್ಟು, ದಾರಿಯ ಹೊಲಗಳಲ್ಲಿ ಸಿಕ್ಕಿದ್ದನ್ನು ತಿನ್ನುತ್ತ, ಎಷ್ಟೋ ದಿನ ನಡೆದು ಉಂಬ್ರಿಯಾದ ಆ ಕುರಿಗಾಹಿಗಳನ್ನು ಸೇರಿಕೊಂಡವು. ಕ್ರಯದಲ್ಲಿ ಲೋಪವಿರಲಿಲ್ಲ, ಆದರೂ ಕೊಂಡವನ ಮಂದೆಗೆ ಕಾವಲಿಲ್ಲದಂತಾಯಿತು.

ನಾಯಿಯ ಕ್ರಯಕ್ಕೂ ಆರೋಗ್ಯದ ಭರವಸೆ ಬೇಕಿತ್ತು. ನಾಯಿ ಹಿಂದೆ ಮಾಡಿದ ಹಾನಿಯ ಹೊಣೆ ಹೊಸಬನ ಮೇಲೆ ಬೀಳುವುದಿಲ್ಲವೆಂಬ ಭರವಸೆಯೂ ಅದರ ಜೊತೆಗಿರುತ್ತಿತ್ತು. ಕೆಲವರು ಒಂದೊಂದು ನಾಯಿಗೂ ಬೇರೆ ಬೆಲೆ ಕಟ್ಟುತ್ತಿದ್ದರು. ಕೆಲವರು ಮರಿಗಳನ್ನು ತಾಯಿಯ ಬೆಲೆಯಲ್ಲೇ ಸೇರಿಸುತ್ತಿದ್ದರು. ಇನ್ನು ಕೆಲವರಿಗೆ ಎರಡು ಮರಿ ಒಂದು ನಾಯಿಗೆ ಸಮ. ಕೂಡಿ ಬೆಳೆದ ನಾಯಿಗಳನ್ನು ಅಗಲಿಸದೆ ಒಟ್ಟಿಗೇ ಮಾರುವುದು ರೂಢಿ. ಆಹಾರ ಹಾಲಿನಲ್ಲಿ ನೆನೆಸಿದ ಜವೆಗೋಧಿ ರೊಟ್ಟಿ. ಸತ್ತ ಕುರಿಯ ಮಾಂಸ ಕೊಟ್ಟರೆ ರುಚಿ ಹತ್ತುವ ಅಪಾಯವಿತ್ತು. ಕೊರಳಿಗೆ ಮೊಳೆ ಹೊಡೆದ ದಪ್ಪ ಚರ್ಮದ ಪಟ್ಟಿ. ಕಬ್ಬಿಣ ಕುತ್ತಿಗೆಗೆ ಒತ್ತದಂತೆ ಒಳಬದಿಗೆ ಮೆತ್ತನೆಯ ಚರ್ಮ. ಮೊಳೆ ಚುಚ್ಚಿಸಿಕೊಂಡ ತೋಳ ಪಟ್ಟಿ ಇಲ್ಲದ ನಾಯಿಗಳಿಗೂ ಹೆದರುತ್ತದೆ ಎಂದು ವಾರ್ರೊ ಹೇಳುತ್ತಾನೆ. ಒರಟು ಉಣ್ಣೆಯ 80ರಿಂದ 100 ಕುರಿಗಳಿಗೆ ಒಬ್ಬ ಕುರಿಗಾಹಿ, ಕುರಿಗಾಹಿಗೊಂದು ನಾಯಿ ಎಂಬುದು ಸಾಮಾನ್ಯ ಲೆಕ್ಕ. ಕಾಡುಪ್ರಾಣಿಗಳಿರುವ ಕಡೆ, ದೂರದ ವಲಸೆಯಲ್ಲಿ ಇನ್ನೂ ಹೆಚ್ಚು ನಾಯಿಗಳು ಬೇಕಿದ್ದವು.

ದೂರದ ದಾರಿಯಲ್ಲಿ ಮಂದೆ ಯಾರದೆಂದು ಸಾಬೀತುಪಡಿಸುವುದೂ ಕಷ್ಟವಾಗಿತ್ತು. ಸೆಪಿನುಮ್ ಪಟ್ಟಣದ ಬಾಗಿಲಲ್ಲಿ ಸುಮಾರು ಕ್ರಿ.ಶ. 170ರಲ್ಲಿ ಕೆತ್ತಿಸಿದ ಶಾಸನವೊಂದು ಇದನ್ನು ತೋರಿಸುತ್ತದೆ. ಚಕ್ರವರ್ತಿಯ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾಹಿಗಳನ್ನು ಸ್ಥಳೀಯ ಅಧಿಕಾರಿಗಳು, ಓಡಿಬಂದ ಗುಲಾಮರು, ಕದ್ದ ಪಶು ತಂದವರು ಎಂದು ಹಿಡಿದಿಡುತ್ತಿದ್ದರು. ಆ ಗೊಂದಲದಲ್ಲಿ ಕುರಿಗಳೂ ಕಳೆದುಹೋಗುತ್ತಿದ್ದವು. ಈ ಕಿರುಕುಳ ನಿಲ್ಲಿಸಬೇಕೆಂಬ ರೋಮಿನ ಆಜ್ಞೆಯೇ ಆ ಶಾಸನದ ತಿರುಳು.

1447ರಲ್ಲಿ ನೇಪಲ್ಸಿನ ದೊರೆ, ಅರಗೋನಿನ ಅಲ್ಫೊನ್ಸೊ, ಈ ವಲಸೆಯನ್ನು ಸರ್ಕಾರಿ ವ್ಯವಸ್ಥೆಯ ಅಡಿಗೆ ತಂದ. ‘ದೊಗಾನಾ’ ಎಂಬ ಈ ಕುರಿ ಸುಂಕದ ಕಟ್ಟೆಯ ಕೇಂದ್ರ ಮೊದಲು ಲುಚೇರಾದಲ್ಲಿದ್ದು, 1468ರಲ್ಲಿ ಫೊಜ್ಜಾಕ್ಕೆ ಬಂತು. ಕುರಿಗಾಹಿಗಳು ಸುಂಕ ಕೊಟ್ಟು ಅಪುಲಿಯಾದ ಹುಲ್ಲುಗಾವಲಿನಲ್ಲಿ ಪಾಲು ಪಡೆಯುತ್ತಿದ್ದರು. ಅವರ ವ್ಯಾಜ್ಯಗಳನ್ನು ದೊಗಾನಾದ ನ್ಯಾಯಾಲಯವೇ ತೀರಿಸುತ್ತಿತ್ತು. ಮಂದೆ ಸಾಗಲು ‘ತ್ರತ್ತೂರಿ’ ಎಂಬ ಹುಲ್ಲುದಾರಿಗಳಿದ್ದವು. ದೊಡ್ಡ ದಾರಿಗಳ ಅಗಲ 111 ಮೀಟರ್. ಅಕ್ವಿಲಾದಿಂದ ಫೊಜ್ಜಾಕ್ಕೆ ಹೋಗುವ ದಾರಿಯ ಉದ್ದ 244 ಕಿಲೋಮೀಟರ್. ಪೊಂತಿಯಾನುಸನ ಅಮಿತೆರ್ನುಮ್ ಊರಿನ ಅವಶೇಷಗಳು ಇರುವುದೂ ಅಕ್ವಿಲಾದ ಬಳಿಯೇ. ವಸಂತದ ಕೊನೆಗೆ ಮಂದೆಗಳು ಬೆಟ್ಟಕ್ಕೆ ಮರಳುವ ಮೊದಲು ಫೊಜ್ಜಾದ ಜಾತ್ರೆಯಲ್ಲಿ ಕುರಿ, ಉಣ್ಣೆ, ಗಿಣ್ಣಿನ ವ್ಯಾಪಾರ ಜೋರಾಗಿ ನಡೆಯುತ್ತಿತ್ತು. 1806ರಲ್ಲಿ ನೇಪಲ್ಸ್ ಫ್ರೆಂಚರ ಆಳ್ವಿಕೆಗೆ ಒಳಪಟ್ಟಾಗ ದೊಗಾನಾ ರದ್ದಾಯಿತು. ಹುಲ್ಲುಗಾವಲು ಉಳುಮೆಗೆ ಹೋಯಿತು; ರೈಲು, ಲಾರಿ ಬಂದ ಮೇಲೆ ಕಾಲ್ನಡಿಗೆಯ ವಲಸೆ ಕ್ಷೀಣಿಸಿತು.

ಈ ಮಂದೆಗಳ ಜೊತೆ ನಡೆದ ದೊಡ್ಡ ಬಿಳಿಯ ನಾಯಿಯನ್ನು 1958ರಿಂದ ‘ಮರೆಮ್ಮಾನೊ-ಅಬ್ರುತ್ಸೇಸೆ’ ಎಂಬ ಒಂದೇ ತಳಿಯಾಗಿ ಪರಿಗಣಿಸಲಾಗಿದೆ. ಅಬ್ರುತ್ಸೊ ಬೆಟ್ಟಗಳಲ್ಲಿ ಮೊನೆಯುಳ್ಳ ಕೊರಳಪಟ್ಟಿಯ ಬಳಕೆ ಇಂದಿಗೂ ಉಳಿದಿದೆ. 1970ರ ದಶಕದ ಆರಂಭದಲ್ಲಿ ಇಡೀ ಇಟಲಿಯಲ್ಲಿ ತೋಳಗಳು ಸುಮಾರು 100ಕ್ಕೆ ಇಳಿದಿದ್ದವು. ಕಾನೂನಿನ ರಕ್ಷಣೆ ಸಿಕ್ಕ ಬಳಿಕ ಅವು ಹೆಚ್ಚಿ, 2020–21ರ ರಾಷ್ಟ್ರೀಯ ಗಣತಿಯ ಅಂದಾಜು ಸುಮಾರು 3,300ಕ್ಕೆ ತಲುಪಿತು. ಅದರೊಂದಿಗೆ ಕಾವಲು ನಾಯಿಗೂ ಮತ್ತೆ ಬೇಡಿಕೆ ಬಂತು.

ಅಮೆರಿಕದಲ್ಲಿ 1972ರಲ್ಲಿ ಸರ್ಕಾರಿ ಭೂಮಿಯಲ್ಲಿ ವಿಷವಿಟ್ಟು ಕಾಡುಪ್ರಾಣಿಗಳನ್ನು ಕೊಲ್ಲುವುದಕ್ಕೆ ನಿಷೇಧ ಬಿದ್ದಾಗ ಕುರಿ ಸಾಕುವವರು ಬೇರೆ ಉಪಾಯ ಹುಡುಕಬೇಕಾಯಿತು. ಆ ದಶಕದ ಕೊನೆಯಲ್ಲಿ ಹ್ಯಾಂಪ್‌ಷೈರ್ ಕಾಲೇಜಿನ ರೇಮಂಡ್ ಕಾಪಿಂಜರ್ ಮತ್ತು ಲೋರ್ನಾ ಕಾಪಿಂಜರ್ ಇಟಲಿ, ಯುಗೊಸ್ಲಾವಿಯ, ಟರ್ಕಿಗಳಿಂದ ಕಾವಲು ನಾಯಿಗಳನ್ನು ತಂದು, ಅವುಗಳ ಮರಿಗಳನ್ನು ಕುರಿ ಸಾಕುವವರಿಗೆ ಒದಗಿಸಿ, ವರ್ಷಗಟ್ಟಲೆ ಗಮನಿಸಿದರು. ಹುಟ್ಟಿದ ಮೊದಲ ನಾಲ್ಕು ತಿಂಗಳಲ್ಲಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ನಾಯಿ ತನ್ನವರೆಂದು ಬಗೆಯುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಅಂಶ. ಕುರಿಗಳ ನಡುವೆ ಬೆಳೆದ ಮರಿ ಕುರಿಗಳನ್ನು ಬಿಟ್ಟು ಹೋಗುವುದಿಲ್ಲ. ಆಸ್ಟ್ರೇಲಿಯಾದ ವಾರ್ನಂಬೂಲ್ ಬಳಿಯ ಮಿಡಲ್ ದ್ವೀಪದಲ್ಲಿ 2006ರಿಂದ ಮರೆಮ್ಮಾನೊ ತಳಿಯ ನಾಯಿಗಳು ನರಿಗಳಿಂದ ಪೆಂಗ್ವಿನ್‌ಗಳನ್ನೂ ಕಾಯ್ದಿವೆ.

ಇಂದಿನ ವ್ಯಾಪಾರದ ರೀತಿಯೂ ಈ ತಿಳಿವಳಿಕೆಯನ್ನೇ ಅನುಸರಿಸುತ್ತದೆ. ಒಳ್ಳೆಯ ಸಾಕಣೆದಾರರು ಕುರಿದೊಡ್ಡಿಯಲ್ಲೇ ಹುಟ್ಟಿದ ಮರಿಯನ್ನು ಸುಮಾರು ಎಂಟು ವಾರಗಳಾದಾಗ ಮಾರುತ್ತಾರೆ. ಕೊಂಡವರು ಅದನ್ನು ಮನೆಯೊಳಗೆ ಇಡದೆ ನೇರವಾಗಿ ತಮ್ಮ ಕುರಿಗಳ ಜೊತೆ ಬಿಡುತ್ತಾರೆ. ಬೆಳೆದ ನಾಯಿಯನ್ನು ಕೊಂಡರೆ, ಹೊಸ ಮಂದೆಗೆ ಹೊಂದಿಕೊಳ್ಳುವವರೆಗೆ ಬೇಲಿಯೊಳಗೆ ಕುರಿಗಳ ಜೊತೆಗೇ ಇರಿಸುತ್ತಾರೆ. ಕುರಿಯ ಬೆಲೆ ಅದರ ಮೈಕಟ್ಟಿನಿಂದ, ಉಣ್ಣೆಯಿಂದ ನಿರ್ಧಾರವಾದರೆ, ಕಾವಲು ನಾಯಿಯ ಬೆಲೆ ಅದು ಎಲ್ಲಿ, ಯಾರ ನಡುವೆ ಬೆಳೆಯಿತು ಎಂಬುದರಿಂದ ನಿರ್ಧಾರವಾಗುತ್ತದೆ. ಕುರಿಗಾಹಿಯಿಂದಲೇ ಕೊಳ್ಳಿ ಎಂಬ ವಾರ್ರೊನ ನಿಯಮ ಇಂದಿಗೂ ಬದಲಾಗಿಲ್ಲ.