ಉದುರಿಹೋದ ‘ಅಂತೆ’

ನಮ್ಮ ದೊಡ್ಡಮ್ಮ ಯಾವ ಸುದ್ದಿ ಹೇಳಿದರೂ ಕೊನೆಗೊಂದು ‘ಅಂತೆ’ ಹಚ್ಚುತ್ತಿದ್ದರು. ‘ಮೇಲಿನ ಮನೆಯವರ ಹಸು ಕಳೆದುಹೋಯ್ತಂತೆ.’ ‘ಬಸ್ ಚಾರ್ಜು ಏರುತ್ತಂತೆ.’ ಎರಡೇ ಅಕ್ಷರ. ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದನ್ನು ದಾಟಿಸುತ್ತಿದ್ದೇನೆ ಎಂಬ ಪ್ರಾಮಾಣಿಕತೆಯೆಲ್ಲ ಅಷ್ಟರಲ್ಲೇ ಅಡಗಿದೆ. ‘ಮಳೆ ಬಂತು’ ಅಂದರೆ ನೀವೇ ನೆಂದಿರಬೇಕು. ‘ಬಂತಂತೆ’ ಅಂದರೆ ಇನ್ಯಾರೋ ನೆಂದಿದ್ದಾರೆ. ತುರ್ಕಿ ಭಾಷೆಯ ‘ಮಿಶ್’ ಕೂಡ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ.

‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಕಥೆ ಶುರುವಾಗುವುದು ಇದರಿಂದಲೇ. ಅಡುಗೆಮನೆಯಿಂದ ಓಡಿಬಂದ ಮಗು ‘ನೀವು ಊಟಕ್ಕೆ ಏಳಬೇಕಂತೆ’ ಎನ್ನುತ್ತದೆ. ಅಪ್ಪಣೆ ತನ್ನದಲ್ಲ, ಅಮ್ಮನದು ಎಂದು ಅದಕ್ಕೆ ಗೊತ್ತು. ‘ನಾನು ಕದ್ದೆನಂತೆ!’ ಎಂದು ದನಿ ಏರಿಸಿದರೆ ಸಾಕು, ಬೇರೆ ನಿರಾಕರಣೆ ಬೇಡ. ಹೀಗಿರುವ ಪದವನ್ನು ‘ಬರೀ ಅಂತೆಕಂತೆ’ ಎಂದು ಹಳಿಯುವುದು ಅನ್ಯಾಯ. ‘ಅಂತೆ’ ಅಂಟಿಕೊಂಡಿರುವವರೆಗೆ ಗಾಳಿಮಾತು ಗಾಳಿಮಾತೇ ಆಗಿರುತ್ತದೆ. ಅದು ಕಳಚಿಬಿದ್ದ ಮೇಲೆಯೇ ನನಗೆ ಭಯ.

ಕಳಚುವುದು ನಮಗೆ ತಿಳಿಯುವುದೂ ಇಲ್ಲ. ಮಕ್ಕಳ ಮನಸ್ಸು ಬೆಳೆಯುವ ಬಗೆಯನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಗೆ ಒಂದು ನೆನಪಿತ್ತು. ಎರಡನೆಯ ವರ್ಷ ನಡೆಯುತ್ತಿದ್ದಾಗ ದಾದಿ ಅವನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ಹೋಗುತ್ತಿದ್ದಳು. ಯಾರೋ ಮಗುವನ್ನು ಕದಿಯಲು ಬಂದ. ದಾದಿ ಅಡ್ಡ ನಿಂತಳು, ಅವಳ ಮುಖದ ಮೇಲೆ ಗೀರುಗಳೆದ್ದವು. ಜನ ಸೇರಿದರು, ಪೊಲೀಸ್ ಬಂದ, ಕಳ್ಳ ಓಡಿದ. ಆ ಗೀರುಗಳೂ ಪೊಲೀಸನ ಬಿಳಿ ಕೋಲೂ ಪಿಯಾಜೆಯ ಕಣ್ಣಿಗೆ ಕಟ್ಟಿದಂತಿದ್ದವು. ಹದಿನೈದರ ಹೊತ್ತಿಗೆ ಅದೇ ದಾದಿಯಿಂದ ಮನೆಗೆ ಕಾಗದ ಬಂತು: ಅದೆಲ್ಲ ನಾನೇ ಕಟ್ಟಿದ ಕಥೆ, ಬಹುಮಾನವಾಗಿ ಕೊಟ್ಟಿದ್ದ ಗಡಿಯಾರ ಹಿಂದಿರುಗಿಸುತ್ತೇನೆ ಎಂದು. ಮನೆಯವರ ಬಾಯಲ್ಲಿ ಕೇಳಿದ್ದು ಮಗುವಿನೊಳಗೆ ಕಂಡದ್ದಾಗಿ ಕೂತಿತ್ತು. ‘ಬಂದನಂತೆ’ ಎಂಬುದು ‘ಬಂದ’ ಆಗಿಹೋಗಿತ್ತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1951ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೊವ್ಲೆಂಡ್ ಮತ್ತು ವೈಸ್ ವಿದ್ಯಾರ್ಥಿಗಳಿಗೆ ಲೇಖನಗಳನ್ನು ಓದಲು ಕೊಟ್ಟರು. ಅಣುಶಕ್ತಿಯ ಜಲಾಂತರ್ಗಾಮಿಯ ಕುರಿತ ಒಂದೇ ಬರಹವನ್ನು ಕೆಲವರಿಗೆ ಅಣುವಿಜ್ಞಾನಿ ಓಪನ್‌ಹೈಮರ್ ಬರೆದದ್ದೆಂದೂ ಉಳಿದವರಿಗೆ ಸೋವಿಯತ್ ಪತ್ರಿಕೆ ‘ಪ್ರಾವ್ದಾ’ದ್ದೆಂದೂ ಹೇಳಿದ್ದರು. ಓದಿದ ಕೂಡಲೇ ಕೇಳಿದಾಗ ನಂಬಿಕಸ್ಥರ ಮಾತಿಗೇ ಹೆಚ್ಚು ಜನ ಒಲಿದಿದ್ದರು. ನಾಲ್ಕು ವಾರ ಕಳೆದು ಕೇಳಿದರೆ ಆ ವ್ಯತ್ಯಾಸ ಮಾಯವಾಗಿತ್ತು. ಮಾತು ಮನಸ್ಸಿನಲ್ಲಿ ನಿಂತಿತ್ತು, ಮಾತಾಡಿದವನು ಜೊತೆಗಿರಲಿಲ್ಲ. ಎರಡು ವರ್ಷದ ನಂತರ ಕೆಲ್ಮನ್ ಮತ್ತು ಹೊವ್ಲೆಂಡ್ ಇನ್ನೊಂದು ಪ್ರಯೋಗದಲ್ಲಿ, ಮೂರು ವಾರವಾದ ಮೇಲೆ, ಅಭಿಪ್ರಾಯ ಕೇಳುವ ಮೊದಲು ಆ ಮಾತು ಯಾರದೆಂದು ನೆನಪಿಸಿದರು. ಹಳೆಯ ವ್ಯತ್ಯಾಸ ಮರಳಿ ಬಂತು. ನನಗೆ ಈ ಎರಡನೆಯದೇ ಹೆಚ್ಚು ಪ್ರಿಯ. ಉದುರಿದ ‘ಅಂತೆ’ಯನ್ನು ಮತ್ತೆ ಅಂಟಿಸಬಹುದು, ಅಂಟಿಸಿದರೆ ಮನಸ್ಸು ಕದಲುತ್ತದೆ.

ನಾನು ಹತ್ತು ವರ್ಷದವಳಿದ್ದಾಗ ದೊಡ್ಡಮ್ಮ ಯಾರೊಂದಿಗೋ ‘ಮೈದುನ ತೋಟಾನ ತನ್ನ ಹೆಸರಿಗೆ ಬರೆಸ್ಕೊಂಡನಂತೆ’ ಅಂದದ್ದು ಕಿವಿಗೆ ಬಿದ್ದಿತ್ತು. ಮೂವತ್ತು ವರ್ಷ ಆ ಚಿಕ್ಕಪ್ಪನ ಮನೆಯಲ್ಲಿ ನಾನು ನೀರೂ ಕುಡಿಯಲಿಲ್ಲ. ಅವರು ತೀರಿಕೊಂಡ ಮೇಲೆ ಒಂದು ದಿನ ದೊಡ್ಡಮ್ಮನನ್ನು ಕೇಳಿದೆ, ನಿಮಗೆ ಯಾರು ಹೇಳಿದ್ದು ಎಂದು. ಅವರು ಬಹಳ ಹೊತ್ತು ಯೋಚಿಸಿದರು.

‘ಯಾರೋ ಅಂದಿದ್ರು ಕಣೇ. ಅಂತೆ ಅಂತಾನೇ ಅಲ್ವಾ ನಾನು ಹೇಳಿದ್ದು?’

ಹೌದು, ಅವರು ಹಾಗೆಯೇ ಹೇಳಿದ್ದರು. ಕಳೆದ ತಿಂಗಳು ಮಗಳು ಆ ತೋಟದ ವಿಷಯ ಕೇಳಿದಳು. ‘ಚಿಕ್ಕಜ್ಜ ಬರೆಸಿಕೊಂಡರಂತೆ’ ಅಂದೆ. ‘ಯಾರು ಹೇಳಿದ್ದು?’ ಎಂದಳು. ಗೊತ್ತಿಲ್ಲ ಅಂದೆ.